ಬ್ರೇಕ್ ಪೆಡಲ್ ಮೆತ್ತಗಾದರೆ ಮೊದಲು ಯಾವ ಪರೀಕ್ಷೆ?

ಹಳೇ ಫೋರ್ ವೀಲ್ ಡ್ರೈವ್ ಗಾಡಿಯ ಬ್ರೇಕ್ ಪೆಡಲ್ ಮೆತ್ತಗಾಯಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಏರ್ ತೆಗೆಸಿ’, ಅಂದರೆ ಬ್ರೇಕ್ ಆಯಿಲಿನ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡಿಸಿ. ಏರ್ ತೆಗೆಯುವುದು ರಿಪೇರಿ, ಪರೀಕ್ಷೆ ಅಲ್ಲ. ತೊಂದರೆ ಎಲ್ಲಿದೆ ಅಂತ ಗೊತ್ತಾಗದೆ ಅದಕ್ಕೆ ಕೈ ಹಾಕಿದರೆ ಸುಮ್ನೆ ಆಯಿಲ್ ದಂಡ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ನನ್ನ ಗಾಡಿಯಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭವಾದದ್ದು ಕಾಲಿನ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ಹೊರಗೆಲ್ಲೂ ಆಯಿಲ್ ಸೋರದೆ ಪೆಡಲ್ ಮೆಲ್ಲಗೆ ಇಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಭಾಗ) ಒಳಗಿನ ಸೀಲ್ ಮೇಲೆ ಅನುಮಾನ ಪಡಬೇಕು. ನನ್ನದು ಇಳಿಯಲಿಲ್ಲ. ಆದರೆ ಬೇಗ ಬೇಗ ತುಳಿದಾಗ ಮೇಲೆ ಬಂತು. ಇದಕ್ಕೆ ಒಳಗಿನ ಗಾಳಿಯೂ ಕಾರಣ ಇರಬಹುದು, ಡ್ರಮ್‌ನಿಂದ ದೂರ ಸರಿದ ಬ್ರೇಕ್ ಶೂ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಕೂಡ ಇರಬಹುದು. ಯಾವುದು ಅಂತ ಕಾಲಿಗೆ ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದೆ ಕೆಲಸಕ್ಕೆ ಬಂದದ್ದು ಹೋಸ್ ಬಿಗಿಯುವ ಪರೀಕ್ಷೆ. ಮುಂದಿನ ಎರಡು ಚಕ್ರಕ್ಕೆ ಒಂದೊಂದು, ಹಿಂದಿನ ಆಕ್ಸಲ್‌ಗೆ ಒಂದು, ಒಟ್ಟು ಮೂರು ರಬ್ಬರ್ ಹೋಸ್. ಮೂರಕ್ಕೂ ನುಣುಪಾದ ದವಡೆಯ ಹೋಸ್ ಕ್ಲಾಂಪ್ ಹಾಕಿ ತುಳಿದೆ. ಪೆಡಲ್ ಕಲ್ಲಿನ ಹಾಗೆ ನಿಂತಿತು. ಅಂದರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ, ಕ್ಲಾಂಪ್‌ವರೆಗಿನ ಪೈಪಿನಲ್ಲೂ ಗಾಳಿ ಇಲ್ಲ. ಮುಂದಿನ ಎರಡು ಕ್ಲಾಂಪನ್ನೂ ಒಂದೊಂದಾಗಿ ಬಿಚ್ಚಿದೆ, ಹೆಚ್ಚೇನೂ ಬದಲಾಗಲಿಲ್ಲ. ಹಿಂದಿನದು ಬಿಚ್ಚಿದ ಕೂಡಲೇ ಪೆಡಲ್ ಕೆಳಗೆ ಹೋಯಿತು. ಇಷ್ಟು ನೇರವಾದ ಉತ್ತರ ಬೇರೆ ಯಾವುದರಿಂದಲೂ ಸಿಗಲಿಲ್ಲ. ಬಿರುಕು ಬಿಟ್ಟ ಹೋಸ್ ಇದ್ದರೆ ಮಾತ್ರ ಬಿಗಿಯಲೇಬೇಡಿ, ಮೊದಲು ಬದಲಿಸಿ. ಸ್ಟೀಲ್ ಹೆಣಿಗೆಯ ಹೋಸ್‌ಗೂ ಕ್ಲಾಂಪ್ ಹಾಕಬಾರದು.

ಮಾಸ್ಟರ್ ಸಿಲಿಂಡರಿನ ಪೈಪ್ ಬಿಚ್ಚಿ ಬಾಯಿಗೆ ಪ್ಲಗ್ ಹಾಕಿ ನೋಡುವುದು ಇನ್ನೂ ಖಚಿತ. ಆದರೆ ಸರಿಯಾದ ಥ್ರೆಡ್ಡಿನ ಪ್ಲಗ್ ಬೇಕು, ಆಮೇಲೆ ಪೂರ್ತಿ ಏರ್ ತೆಗೆಯಬೇಕು. ಕ್ಲಾಂಪ್ ಹಾಕಿಯೂ ಪೆಡಲ್ ಗಟ್ಟಿಯಾಗದಿದ್ದರೆ ಮಾತ್ರ ಆ ತಾಪತ್ರಯ.

ಡ್ರಮ್ ಬಿಚ್ಚಿದರೆ ಶೂವಿನ ಅಂತರ ಹೊಂದಿಸುವ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿತ್ತು. ಅದನ್ನು ಬಿಡಿಸಿ, ಡ್ರಮ್ಮಿಗೆ ಶೂ ಸ್ವಲ್ಪ ತಾಗುವಷ್ಟು ತಿರುಗಿಸಿದ ಮೇಲೆ ಪೆಡಲ್ ಬಹುಪಾಲು ಮೇಲೆ ಬಂತು. ಉಳಿದ ಮೆತ್ತನೆ ನಿಜವಾಗಿಯೂ ಗಾಳಿಯಿಂದಲೇ. ಲೋಡ್ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಇರುವ ಗಾಡಿ ಇದು. ಆಕ್ಸಲ್ ಜೋತು ಬಿದ್ದಿದ್ದರೆ ಅದು ಹಿಂದಕ್ಕೆ ಹೋಗುವ ಆಯಿಲನ್ನು ತಡೆಯುತ್ತದೆ. ಚಕ್ರ ನೆಲದ ಮೇಲಿಟ್ಟು ಏರ್ ತೆಗೆದಾಗ ಗುಳ್ಳೆಗಳು ಹೊರಬಂದವು.

ಏರ್ ತೆಗೆಯುವಾಗ ವ್ಯಾಕ್ಯೂಮ್ ಪಂಪ್ ಇದ್ದರೆ ಒಬ್ಬರೇ ಮಾಡಲು ಅನುಕೂಲ, ಆದರೆ ಅದು ಗಾಳಿ ಬಿಡುವ ನಿಪ್ಪಲ್ಲಿನ ಥ್ರೆಡ್ಡಿನ ಸಂದಿಯಿಂದ ಹೊರಗಿನ ಗಾಳಿ ಎಳೆದು ಮುಗಿಯದ ಗುಳ್ಳೆ ತೋರಿಸುತ್ತದೆ. ನನಗೆ ಇಬ್ಬರು ಸೇರಿ ಪೆಡಲ್ ತುಳಿದು ಮಾಡುವುದೇ ಇಷ್ಟ. ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ತುಳಿದರೆ ಸಿಲಿಂಡರಿನ ತುಕ್ಕು ಹಿಡಿದ ಕೊನೆ ಭಾಗಕ್ಕೆ ಸೀಲ್ ಉಜ್ಜಿ ಹಾಳಾಗಬಹುದು.

ಉದ್ದದ ಇಳಿಜಾರಿನ ನಂತರ ಮಾತ್ರ ಮೆತ್ತಗಾಗುತ್ತದೆಯಾ? ಹಾಗಾದರೆ ಬಿಸಿಗೆ ಆಯಿಲ್ ಕುದಿದು ಗುಳ್ಳೆ ಆಗಿರಬಹುದು, ಮೊದಲು ಬ್ರೇಕ್ ಆಯಿಲ್ ಬದಲಿಸಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿಕೊಂಡ ಆಯಿಲಿಗೆ ಆ ಮಿತಿ 140 ಅಷ್ಟೇ.