ಹಳೆಯ ನೆಟ್‌ಬುಕ್ ಮೇಲೆ ಆಂಟಿಕ್ಸ್ ಲಿನಕ್ಸ್: ಎರಡು ವರ್ಷ ಬಳಸಿದ ಮೇಲೆ

ರಾಯಚೂರಿನ ಮಾರುಕಟ್ಟೆಯಲ್ಲಿ ನಮ್ಮ ಸೋದರಮಾವನದು ಅಡತಿ ಅಂಗಡಿ. ಹತ್ತಿ, ತೊಗರಿ ತಂದ ರೈತರಿಗೆ ಕೊಡುವ ಲೆಕ್ಕದ ಪಟ್ಟಿಗಳೆಲ್ಲ ಇವತ್ತಿಗೂ ಒಂದು ನೆಟ್‌ಬುಕ್ ಅನ್ನುವ ಪುಟ್ಟ ಲ್ಯಾಪ್‌ಟಾಪ್‌ನಿಂದಲೇ ಪ್ರಿಂಟ್ ಆಗುತ್ತವೆ. ಇಂಟೆಲ್ ಆಟಮ್ ಎನ್270 ಚಿಪ್, 1 ಜಿಬಿ ರ್‍ಯಾಮ್, 10 ಇಂಚಿನ ಸ್ಕ್ರೀನ್. ಅಕ್ಕ ಡಿಪ್ಲೊಮಾ ಓದುವಾಗ ಕೊಂಡದ್ದು. 2023ರ ಕೊನೆಗೆ ನಾನು ಅದನ್ನು ಅಟ್ಟದಿಂದ ಇಳಿಸಿದಾಗ ಮಾವ ನೋಡಿ, "ಗುಜರಿಗೆ ಹಾಕಿಬಿಡಪ್ಪ, ತೂಕಕ್ಕಾದರೂ ನಾಲ್ಕು ರೂಪಾಯಿ ಬರ್ತಾವ" ಅಂದರು. "ಒಂದು ವಾರ ಟೈಮ್ ಕೊಡ್ರಿ ಮಾವ" ಅಂದೆ. ಆಂಟಿಕ್ಸ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ ಅದನ್ನು ಎಬ್ಬಿಸಲು ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನ ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆ ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ಇಂಥದ್ದೇ ಮಷಿನ್ ಇಟ್ಟುಕೊಂಡವರಿಗೆ ಬೇಕಾಗುವುದು ಅದೇ.

ಆಂಟಿಕ್ಸ್ ಯಾಕೆ? ಎನ್270 ಚಿಪ್ 32 ಬಿಟ್‌ನದು. 64 ಬಿಟ್ ಸಿಸ್ಟಮ್ ಅದರ ಮೇಲೆ ಏಳುವುದೇ ಇಲ್ಲ. ಹೆಸರಾಂತ ಲಿನಕ್ಸ್‌ಗಳಲ್ಲಿ ಹೆಚ್ಚಿನವು 32 ಬಿಟ್ ಕೈಬಿಟ್ಟು ವರ್ಷಗಳಾದವು. ಆಂಟಿಕ್ಸ್ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ಸಿಸ್ಟಮ್‌ಡಿ (ಸಿಸ್ಟಮ್ ಎಬ್ಬಿಸಿ ಒಳಗಿನ ಸೇವೆಗಳನ್ನು ನಡೆಸುವ ದೊಡ್ಡ ಪ್ರೋಗ್ರಾಂ) ಇಲ್ಲದ್ದು, ಮತ್ತು ಹಳೆಯ ಮಷಿನ್‌ಗಳಿಗೆಂದೇ ಮಾಡಿದ್ದು. 2023ರ ಆಗಸ್ಟ್‌ನಲ್ಲಿ ಬಂದ ಆಂಟಿಕ್ಸ್ 23ರಲ್ಲೂ 32 ಬಿಟ್ ಐಎಸ್‌ಒ (ಪೆನ್‌ಡ್ರೈವ್‌ಗೆ ಹಾಕಿ ಇನ್‌ಸ್ಟಾಲ್ ಮಾಡುವ ಫೈಲ್) ಇತ್ತು. ಫುಲ್, ಬೇಸ್, ಕೋರ್, ನೆಟ್ ಅಂತ ನಾಲ್ಕು ಬಗೆ. ಹೊಸಬರು ಫುಲ್ ತಗೊಳ್ಳಿ, ಆಫೀಸ್ ಸಾಫ್ಟ್‌ವೇರ್ ಅದರಲ್ಲೇ ಬರುತ್ತದೆ.

ಪೆನ್‌ಡ್ರೈವ್‌ನಿಂದ ಶುರು ಮಾಡಿದೆ. ಬೂಟ್ ಮೆನು (ಮಷಿನ್ ಏಳುವಾಗ ಬರುವ ಆಯ್ಕೆಪಟ್ಟಿ) ಬಂತು, ಎಂಟರ್ ಒತ್ತಿದೆ, ಸಾಲುಗಳು ಸರಸರ ಓಡಿದವು, ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪು. ಇಂಥ ಹೊತ್ತಲ್ಲಿ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ನನ್ನದರಲ್ಲಿ ಅದರ ಹಸಿರು ದೀಪ ಹತ್ತಿ ಆರುತ್ತಿತ್ತು. ಅಂದರೆ ಒಳಗೆ ಸಿಸ್ಟಮ್ ಎದ್ದಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆ ಒಂದು ದೀಪ ಇಲ್ಲದಿದ್ದರೆ ನಾನು ಅಲ್ಲೇ ಬಿಟ್ಟುಬಿಡುತ್ತಿದ್ದೆ.

ಬೂಟ್ ಮೆನುವಿನಲ್ಲಿ ಆಯ್ಕೆಗಳನ್ನು ಬರೆಯುವ ಸಾಲು ಇರುತ್ತದೆ. ಅಲ್ಲಿ 'ನೋಮೋಡ್‌ಸೆಟ್' ಅಂತ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಸೇರಿಸಿದೆ. ಚಿತ್ರ ಬಂತು, ಆದರೆ 800 ಬೈ 600ರಲ್ಲಿ. ಅಕ್ಷರಗಳೆಲ್ಲ ಅಡ್ಡಕ್ಕೆ ಎಳೆದ ಹಾಗೆ ದಪ್ಪ ದಪ್ಪ. ಈ ಸ್ಕ್ರೀನಿನ ಅಳತೆ 1024 ಬೈ 600. ನೋಮೋಡ್‌ಸೆಟ್ ಹಾಕಿದರೆ ಇಂಟೆಲ್‌ನ ಸರಿಯಾದ ಗ್ರಾಫಿಕ್ಸ್ ಡ್ರೈವರ್ ಓಡುವುದಿಲ್ಲ, ಅದಕ್ಕೆ ಹೀಗೆ. ಒಳಗೆ ಹೋಗಿ ನೋಡಲು ಸಾಕು, ದಿನಾ ಬಳಸಲು ಆಗಲ್ಲ.

ನಿಜವಾದ ಕಾರಣ ಸಿಗಲು ನಾಲ್ಕು ರಾತ್ರಿ ಬೇಕಾಯಿತು. ಇಂಟೆಲ್‌ನ ಈ 945 ಸರಣಿಯ ಗ್ರಾಫಿಕ್ಸ್ ಇರುವ ಕೆಲವು ನೆಟ್‌ಬುಕ್‌ಗಳಲ್ಲಿ ಟಿವಿಗೆ ಜೋಡಿಸುವ ಎಸ್-ವಿಡಿಯೋ ಕಿಂಡಿಯೇ ಇಲ್ಲ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅದು ಇದೆ ಅಂತಲೇ ಕಾಣುತ್ತದೆ. ಇಲ್ಲದ ಟಿವಿಗೂ ಚಿತ್ರ ಕಳಿಸಲು ಹೋಗಿ ಎದುರಿಗಿರುವ ಸ್ಕ್ರೀನ್ ಕೆಡುತ್ತದೆ. ಬೂಟ್ ಸಾಲಿನಲ್ಲಿ ನೋಮೋಡ್‌ಸೆಟ್ ತೆಗೆದು, 'ವಿಡಿಯೋ=ಎಸ್‌ವಿಡಿಯೋ-1:ಡಿ' ಅಂತ ಬರೆದೆ. ಇಂಗ್ಲಿಷಿನಲ್ಲಿ ಎಸ್‌ವಿಡಿಯೋ ದೊಡ್ಡ ಅಕ್ಷರ, ಉಳಿದದ್ದು ಸಣ್ಣದು. ಕೊನೆಯ ಡಿ ಅಂದರೆ ಆ ಕಿಂಡಿ ಬಂದ್ ಮಾಡು ಅಂತ. ಸ್ಕ್ರೀನ್ ತುಂಬ ಚಿತ್ರ ಬಂತು. ಆ ರಾತ್ರಿ ಎಷ್ಟು ಖುಷಿಯಾಯಿತೋ ಹೇಳಲಾರೆ. ಇನ್‌ಸ್ಟಾಲ್ ಆದ ಮೇಲೆ ಸಿಸ್ಟಮ್ ಎಬ್ಬಿಸುವ ಗ್ರಬ್ ಪ್ರೋಗ್ರಾಂನ ಸೆಟ್ಟಿಂಗ್ ಫೈಲ್‌ನಲ್ಲೂ ಇದೇ ಸಾಲು ಸೇರಿಸಿ ಅಪ್‌ಡೇಟ್-ಗ್ರಬ್ ಓಡಿಸಬೇಕು. ಮರೆತರೆ ಮತ್ತೆ ಕಪ್ಪು ಸ್ಕ್ರೀನೇ.

ಇನ್‌ಸ್ಟಾಲರ್‌ನಲ್ಲಿ ಒಂದು ಸಣ್ಣ ತೊಡಕು. ಸ್ಕ್ರೀನ್ ಗಿಡ್ಡ ಇರುವುದರಿಂದ 'ಮುಂದೆ' ಅನ್ನುವ ಬಟನ್ ಕೆಳಗೆ ಮುಚ್ಚಿಹೋಗುತ್ತದೆ. ಆಲ್ಟ್ ಒತ್ತಿ ಹಿಡಿದು ಕಿಟಕಿಯನ್ನು ಮೌಸಿನಿಂದ ಮೇಲಕ್ಕೆ ಎಳೆಯಿರಿ, ಬಟನ್ ಕಾಣುತ್ತದೆ. ಡಿಸ್ಕಿನಲ್ಲಿ 2 ಜಿಬಿ ಸ್ವಾಪ್ (ರ್‍ಯಾಮ್ ತುಂಬಿದಾಗ ಬಳಸುವ ಜಾಗ) ಕೊಡಿ. 1 ಜಿಬಿ ರ್‍ಯಾಮ್‌ಗೆ ಅದು ಬೇಕೇ ಬೇಕು.

ಇನ್‌ಸ್ಟಾಲ್ ಆಯಿತಲ್ವಾ ಅಂತ ಅಪ್‌ಡೇಟ್ ಮಾಡಲು ಹೋದರೆ ಏನೂ ಇಳಿಯುತ್ತಿಲ್ಲ. ಡೆಬಿಯನ್‌ನ ಫೈಲ್ 'ಇನ್ನೂ ಜಾರಿಗೆ ಬಂದಿಲ್ಲ' ಅನ್ನುತ್ತಿತ್ತು. ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಭದ್ರತೆಯ ಎಚ್ಚರಿಕೆ. ಇಂಟರ್ನೆಟ್ ಸರಿಯಿಲ್ಲ ಅಂದುಕೊಂಡು ಒಂದು ಇಡೀ ಭಾನುವಾರ ಕಳೆದೆ. ಕೊನೆಗೆ ಕಣ್ಣು ಬಿದ್ದದ್ದು ಮೂಲೆಯ ಗಡಿಯಾರದ ಮೇಲೆ: 2009ರ ಜನವರಿ 1. ಬೋರ್ಡ್ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಸತ್ತುಹೋಗಿತ್ತು. ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿತ್ತು. ಇವತ್ತಿನ ಸೈಟ್‌ಗಳ ಭದ್ರತಾ ಸರ್ಟಿಫಿಕೇಟ್‌ಗಳು 2009ಕ್ಕೆ ಇನ್ನೂ ಹುಟ್ಟಿಲ್ಲ, ಅದಕ್ಕೇ ಎಲ್ಲ ತಿರಸ್ಕಾರ. ನನ್ನ ಮಷಿನ್‌ನಲ್ಲಿ ಸೆಲ್‌ಗೆ ಎರಡು ವೈರ್ ಬೆಸುಗೆ ಹಾಕಿ ಪ್ಲಾಸ್ಟಿಕ್ ಸುತ್ತಿದ್ದರು. ತೀನ್ ಕಂದೀಲ್ ಹತ್ತಿರದ ವಾಚ್ ರಿಪೇರಿಯವರು ಹಳೆಯ ವೈರನ್ನೇ ಹೊಸ ಸೆಲ್‌ಗೆ ಕೂಡಿಸಿಕೊಟ್ಟರು. ಹತ್ತು ನಿಮಿಷದ ಕೆಲಸ. ಹಳೆಯ ಲ್ಯಾಪ್‌ಟಾಪ್‌ಗೆ ಕೈ ಹಾಕುವವರು ಮೊದಲು ತಾರೀಖು ನೋಡಿ, ಆಮೇಲೆ ಬೇರೆ ಮಾತು.

ವೈಫೈ ಕೂಡ ಮೊದಲು ಕಾಣಲಿಲ್ಲ. ವೈರ್‌ಲೆಸ್ ಆನ್-ಆಫ್ ತೋರಿಸುವ ಆರ್‌ಎಫ್‌ಕಿಲ್‌ನಲ್ಲಿ ನೋಡಿದರೆ ಬ್ಲಾಕ್ ಆಗಿತ್ತು. 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಕೊಟ್ಟು, ನೆಟ್ ಜೋಡಿಸುವ ಕಾನ್‌ಮ್ಯಾನ್‌ನಲ್ಲಿ ವೈಫೈ ಆನ್ ಮಾಡಿದರೆ ಮುಗಿಯಿತು. ಅಲ್ಲಿಯವರೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆಥರಿಂಗ್ ಹಾಕಿಕೊಂಡಿದ್ದೆ. ಅದು ಏನೂ ಹೇಳದೆಯೇ ಕೆಲಸ ಮಾಡುತ್ತದೆ.

ಇನ್ನು ಕನ್ನಡ. ನಮ್ಮ ಅಂಗಡಿಗೆ ಇದೇ ಮುಖ್ಯ. ರೈತರು ಪಟ್ಟಿ ಕೈಗೆ ತಗೊಂಡು ಹಮಾಲಿ ಎಷ್ಟು, ತೂಕದ ಖರ್ಚು ಎಷ್ಟು ಅಂತ ಅಲ್ಲೇ ಓದಿ ಕೇಳುತ್ತಾರೆ. ಅದು ಕನ್ನಡದಲ್ಲೇ ಇರಬೇಕು. ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜುಗಳಲ್ಲಿ ಲೋಹಿತ್, ಗುಬ್ಬಿ, ನವಿಲು ಸಿಗುತ್ತವೆ. ಪ್ರಿಂಟ್‌ಗೆ ನನಗೆ ಗುಬ್ಬಿಯೇ ಇಷ್ಟ, ಒತ್ತಕ್ಷರ ಸಣ್ಣ ಸೈಜಿನಲ್ಲೂ ಸ್ಪಷ್ಟ. ಟೈಪಿಂಗ್‌ಗೆ ಬೇರೆ ಸಾಫ್ಟ್‌ವೇರ್ ಹಾಕಲಿಲ್ಲ. ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲೇ 'ಕನ್ನಡ ಕಗಪ' ಇದೆ, ಅದು ರ್‍ಯಾಮ್ ತಿನ್ನುವುದಿಲ್ಲ. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದ ಕೈಗೆ ಬೇಗ ಹಿಡಿತ ಸಿಗುತ್ತದೆ. ಒಂದು ವ್ಯತ್ಯಾಸ: ಪದದ ಮೊದಲಿಗೆ ಬರುವ ಸ್ವರಕ್ಕೆ ಬಲಗಡೆಯ ಆಲ್ಟ್ ಕೂಡ ಒತ್ತಬೇಕು. ನನಗೆ ಒಂದು ವಾರ ಹಿಡಿಯಿತು, ಮಾವನಿಗೆ ತಿಂಗಳು. ಮಾವನ ಹಳೆಯ ನುಡಿ ಫೈಲ್‌ಗಳು ಮೊದಲು ಗೋಜಲು ಗೋಜಲಾಗಿ ತೆರೆದುಕೊಂಡವು. ಆ ಫಾಂಟ್ ಫೈಲ್‌ಗಳನ್ನು ಹೋಮ್ ಫೋಲ್ಡರ್‌ನ ಫಾಂಟ್ಸ್ ಒಳಗೆ ಹಾಕಿದ ಮೇಲೆ ಸರಿಯಾಗಿ ಕಂಡವು.

ದಿನದ ಬಳಕೆಯಲ್ಲಿ ಇದು ಹಗುರ. ಐಸ್‌ಡಬ್ಲ್ಯುಎಂ ಡೆಸ್ಕ್‌ಟಾಪ್ ಎದ್ದು ಕೂತಾಗ 150 ಎಂಬಿ ಆಸುಪಾಸು ತಗೊಳ್ಳುತ್ತದೆ. ಲೆಕ್ಕದ ಹಾಳೆ, ಪ್ರಿಂಟರ್, ಪಿಡಿಎಫ್ ಎಲ್ಲ ಆರಾಮ. ವೆಬ್ ಮಾತ್ರ ಕಷ್ಟ. ಫೈರ್‌ಫಾಕ್ಸ್‌ನಲ್ಲಿ ಒಂದು ಟ್ಯಾಬ್ ನಡೆಯುತ್ತದೆ, ಮೂರನೆಯದಕ್ಕೆ ಡಿಸ್ಕ್ ದೀಪ ಆರುವುದೇ ಇಲ್ಲ. ವಿಡಿಯೋ ನೋಡಲು, ಸರ್ಕಾರಿ ಪೋರ್ಟಲ್ ತೆರೆಯಲು ಇದನ್ನು ತಗೋಬೇಡಿ. ಇನ್ನೊಂದು ಚಿಂತೆ ಮುಂದಿನ ದಿನಗಳದು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸ್‌ಗೆ 144ನೇ ಆವೃತ್ತಿಯೇ ಕೊನೆ ಅಂದಿದೆ. ಲೆಕ್ಕ ಬರೆಯುವ ಮಷಿನ್‌ಗೆ ಇದರಿಂದ ನಾಳೆಯೇ ತೊಂದರೆ ಇಲ್ಲ. ಆದರೂ ಮನಸ್ಸಿಗೆ ಬೇಜಾರು.

ಈ ಸಿಸ್ಟಮ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐಎಸ್‌ಒ ಸ್ನ್ಯಾಪ್‌ಶಾಟ್. ಓಡುತ್ತಿರುವ ಸಿಸ್ಟಮ್ ಹೇಗಿದೆಯೋ ಹಾಗೇ, ಯೂಸರ್ ಅಕೌಂಟ್ ಸಮೇತ, ಒಂದು ಐಎಸ್‌ಒ ಆಗಿ ಕಟ್ಟಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಮಾವನ ಗಲ್ಲಾದಲ್ಲಿ ಇಟ್ಟಿದ್ದೆ. ದಿನದ ಲೆಕ್ಕದ ಫೈಲ್‌ಗಳಿಗೆ ಬೇರೆ ಪೆನ್‌ಡ್ರೈವ್.

ಕಳೆದ ಮೇ ತಿಂಗಳ ಬಿಸಿಲಿಗೆ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತಿತು. ಬೆಳಿಗ್ಗೆ ಹತ್ತು ಗಂಟೆ, ತೂಕ ನಡೆದಿತ್ತು. ನಾನು ಆಗ ಸಿಂಧನೂರಿನಲ್ಲಿದ್ದೆ. "ಮಾವ, ಗಲ್ಲಾದಾಗಿನ ಕಪ್ಪು ಪೆನ್‌ಡ್ರೈವ್ ಚುಚ್ಚಿ ಆನ್ ಮಾಡ್ರಿ" ಅಂತ ಫೋನಿನಲ್ಲೇ ಹೇಳಿದೆ. ಅದರಿಂದಲೇ ಸಿಸ್ಟಮ್ ಎದ್ದಿತು, ಅದೇ ಡೆಸ್ಕ್‌ಟಾಪ್, ಅದೇ ಕಗಪ, ಅದೇ ಪ್ರಿಂಟರ್. ಹನ್ನೊಂದಕ್ಕೆಲ್ಲ ಮೊದಲ ಪಟ್ಟಿ ಹೊರಗೆ ಬಂತು. ಹೊಸ ಎಸ್‌ಎಸ್‌ಡಿ ಹಾಕಿ ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಇನ್‌ಸ್ಟಾಲ್ ಮಾಡಿದ್ದು ಆ ಭಾನುವಾರ. ಪೆನ್‌ಡ್ರೈವ್ ಈಗಲೂ ಗಲ್ಲಾದಲ್ಲೇ ಇದೆ, ಅಂಗಡಿಯ ಸೀಲ್ ಪಕ್ಕದಲ್ಲಿ. ಅದನ್ನು ಬೇರೆ ಯಾರಿಗೂ ಮುಟ್ಟಲು ಮಾವ ಬಿಡುವುದಿಲ್ಲ.