ಈರುಳ್ಳಿ-ಆಲೂಗಡ್ಡೆ ಸೂಪ್: ಕ್ರೀಮಾ, ಮೈದಾನಾ, ಬರೀ ಆಲೂಗಡ್ಡೆನಾ?

ಈ ಸೂಪ್ ಗಟ್ಟಿಯಾಗಿ, ನುಣ್ಣಗೆ ಬರಲು ಮೂರು ದಾರಿ ಇದೆ. ಕೊನೆಯಲ್ಲಿ ಕ್ರೀಮ್ ಸುರಿಯುವುದು, ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸೇರಿಸುವುದು, ಇಲ್ಲವಾದರೆ ಏನನ್ನೂ ಹಾಕದೆ ಆಲೂಗಡ್ಡೆಯನ್ನೇ ನಂಬುವುದು. ಮೂರನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮಾಡಿ ನೋಡಿದೆ: 500 ಗ್ರಾಂ ಆಲೂಗಡ್ಡೆ, ದೊಡ್ಡ ಈರುಳ್ಳಿ ಎರಡು, 30 ಗ್ರಾಂ ಬೆಣ್ಣೆ, ಮುಕ್ಕಾಲು ಲೀಟರ್ ನೀರು.

ಮೊದಲು ಕ್ರೀಮ್. ಸುಲಭ, ಅದರಲ್ಲಿ ಎರಡು ಮಾತಿಲ್ಲ. ಒಲೆ ಆರಿಸುವ ಮುಂಚೆ 100 ಮಿಲಿ ಹಾಕಿ ಕಲಕಿದರೆ ಮುಗಿಯಿತು. ಕೊಬ್ಬು ಜಾಸ್ತಿ ಇರುವ ಕ್ರೀಮ್ ಬಿಸಿಗೆ ಬೇಗ ಒಡೆಯುವುದೂ ಇಲ್ಲ. ಆದರೆ ಅಷ್ಟು ಹಾಕಿದರೆ ಈರುಳ್ಳಿಯ ರುಚಿ ಹಿಂದೆ ಸರಿಯುತ್ತದೆ, ಉಪ್ಪೂ ಸಪ್ಪೆ ಅನ್ನಿಸುತ್ತದೆ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ನನಗೆ ಸಾಕಾಗಿತ್ತು.

ಮೈದಾ ದಾರಿಯಲ್ಲಿ ಕೆಲಸ ಜಾಸ್ತಿ. ಬೆಣ್ಣೆ, ಮೈದಾ ಸಮಸಮ ತೂಕ, ಸಣ್ಣ ಉರಿಯಲ್ಲಿ ಎರಡು ನಿಮಿಷವಾದರೂ ಹುರಿಯಬೇಕು, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈ ಬಿಡದೆ ತಿರುವುತ್ತಿರಬೇಕು, ಒಂದೇ ಸಲ ಸುರಿದರೆ ಗಂಟು ಗ್ಯಾರಂಟಿ. ಇಷ್ಟೆಲ್ಲಾ ಮಾಡಿದ ಮೇಲೆ ಬರುವುದು ನಯವಾದ ಸೂಪೇ, ಆದರೆ ಅದು ಆಲೂಗಡ್ಡೆ ಸೂಪ್ ಅನ್ನಿಸುವುದಿಲ್ಲ, ಬಿಳಿ ಸಾಸ್‌ಗೆ ನೀರು ಬೆರೆಸಿದ ಹಾಗೆ. ಅಲ್ಲದೆ ಆಲೂಗಡ್ಡೆಯಲ್ಲೇ ಬೇಕಾದಷ್ಟು ಪಿಷ್ಟ ಇರುವಾಗ ಇನ್ನೊಂದು ಹಿಟ್ಟು ಯಾಕೆ, ಅಲ್ವಾ?

ಹಾಗಾಗಿ ನನ್ನ ಓಟು ಮೂರನೆಯದಕ್ಕೆ. ಬೆಂದರೆ ಪುಡಿಪುಡಿಯಾಗುವ ಜಾತಿಯ ಆಲೂಗಡ್ಡೆ ತಗೊಳ್ಳಿ, ತೆಳ್ಳಗೆ ಹೆಚ್ಚಿ, ಚಾಕು ಮುಟ್ಟಿಸಿದರೆ ಸಾಕು ಮುರಿಯಬೇಕು, ಅಷ್ಟು ಬೇಯಿಸಿ. ಹೆಚ್ಚಿದ ಮೇಲೆ ನೀರಲ್ಲಿ ತೊಳೆಯಬೇಡಿ, ಹೊರಗೆ ಬಂದ ಪಿಷ್ಟ ತೊಳೆದುಹೋಗುತ್ತದೆ, ನಮಗೆ ಬೇಕಾಗಿರುವುದೇ ಅದು. ಎಡವಟ್ಟಾಗುವುದು ರುಬ್ಬುವಾಗ. ಬೆಂದ ಆಲೂಗಡ್ಡೆಯ ಕಣಗಳಲ್ಲಿ ಪಿಷ್ಟ ಉಬ್ಬಿಕೊಂಡಿರುತ್ತದೆ, ಮಿಕ್ಸಿಯ ಬ್ಲೇಡ್ ಜೋರಾಗಿ ತಿರುಗಿದಷ್ಟೂ ಕಣ ಒಡೆದು ಪಿಷ್ಟವೆಲ್ಲ ಹೊರಗೆ ಬಂದು ಸೂಪ್ ಲೋಳೆಯಾಗುತ್ತದೆ, ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ. ಬಿಸಿ ಸೂಪನ್ನು ಮಿಕ್ಸಿ ಜಾರಿಗೆ ತುಂಬಿ ಮುಚ್ಚಳ ಬಿಗಿದರೆ ಹಬೆಗೆ ಅದು ಹಾರುವ ಅಪಾಯ ಬೇರೆ. ಹ್ಯಾಂಡ್ ಬ್ಲೆಂಡರ್ ಇದ್ದರೆ ಪಾತ್ರೆಯಲ್ಲೇ ಬಿಟ್ಟು ಬಿಟ್ಟು ಒತ್ತಿ, ನುಣ್ಣಗಾದ ತಕ್ಷಣ ನಿಲ್ಲಿಸಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜರಡಿ: ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿದರೆ ಹತ್ತು ನಿಮಿಷ ಹಿಡಿಯುತ್ತದೆ, ಕೈ ನೋಯುತ್ತದೆ, ಆದರೆ ಆ ನುಣುಪು ಬ್ಲೇಡಿಗೆ ಬರುವುದಿಲ್ಲ.

ಈರುಳ್ಳಿಯದ್ದೇ ಇನ್ನೊಂದು ಜಗಳ. ಕಂದು ಬಣ್ಣ ಬರುವ ತನಕ ಹುರಿಯಲು ಮುಕ್ಕಾಲು ಗಂಟೆ ಬೇಕು, ರುಚಿ ಭರ್ಜರಿ, ಆದರೆ ಸೂಪ್ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆಲೂಗಡ್ಡೆಯ ರುಚಿ ಮುಳುಗಿಹೋಗುತ್ತದೆ. ನಾನು ಬೆಣ್ಣೆಗೆ ಹಾಕಿದ ತಕ್ಷಣ ಒಂದು ಚಿಟಿಕೆ ಉಪ್ಪು ಉದುರಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಉಪ್ಪು ನೀರು ಬಿಡಿಸುತ್ತದೆ, ಈರುಳ್ಳಿ ಅದರಲ್ಲೇ ಬೆಂದು ಗಾಜಿನಂತೆ ತೆಳುವಾಗಿ ಸಿಹಿಯಾಗುತ್ತದೆ, ಸೂಪ್ ಬೆಳ್ಳಗೇ ಉಳಿಯುತ್ತದೆ. ಕಂದು ಈರುಳ್ಳಿ ಬೇಕೇ ಬೇಕು ಅನ್ನುವವರು ಸ್ವಲ್ಪ ಬೇರೆ ಹುರಿದು ಮೇಲೆ ಹಾಕಿಕೊಳ್ಳಿ.

ಕ್ರೀಮನ್ನು ಪೂರ್ತಿ ಬಿಟ್ಟಿಲ್ಲ. ಬಡಿಸುವಾಗ ಬಟ್ಟಲಿಗೆ ಒಂದು ಚಮಚ, ಮೇಲೆ ಕಾಳುಮೆಣಸಿನ ಪುಡಿ. ಮಿಕ್ಕಿದ್ದು ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ, ಬಿಸಿನೀರು ಸೇರಿಸಿ ಕಾಯಿಸಿದರೆ ಸರಿಹೋಗುತ್ತದೆ. ಫ್ರೀಜರ್‌ಗೆ ಇಡುವುದಾದರೆ ಮಾತ್ರ ಕ್ರೀಮ್ ಹಾಕದೆ ಇಡಿ, ಕರಗಿದಾಗ ಒಡೆದು ತರಿತರಿಯಾಗಬಹುದು.