ನರಿ ತಡೆಯಲು ಯಾವುದು ಒಳ್ಳೇದು? ಲೈಟು, ಮಷೀನು, ನಾಯಿ, ಜಾಳಿಗೆ ಎಲ್ಲ ಹಾಕಿ ನೋಡಿದ ಮೇಲೆ

ಬಾಗಲಕೋಟೆಯ ನವನಗರದ ಅಂಚಿನಲ್ಲಿ ಕೋಳಿ ಸಾಕುವವರಿಗೆ ನರಿ ಕಾಟ ಹೊಸದೇನಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದ ಮೇಲೆ ಬಯಲಲ್ಲಿ ಕಟ್ಟಿದ ಊರು ಇದು. ಕೊನೇ ಮನೆಗಳು ಮುಗಿದಲ್ಲೇ ಕುರುಚಲು ಶುರು. ನಮ್ಮ ಹಿತ್ತಲಲ್ಲಿ ಜವಾರಿ ಕೋಳಿಗಳಿವೆ. ನರಿ ತಡೆಯೋಕೆ ಜನ ಹೇಳುವ ಉಪಾಯಗಳಲ್ಲಿ ಕಾನೂನು ಒಪ್ಪುವಂಥವನ್ನು ಒಂದೊಂದಾಗಿ ಮಾಡಿ ನೋಡಿದೆ. ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ ಅಂತ ಹೇಳುತ್ತೇನೆ.

ಮೊದಲು, ಮುಟ್ಟಲೇಬಾರದ ಎರಡು ದಾರಿ.

"ಕೋಳಿ ಕರುಳಿಗೆ ಒಂದೀಟು ಔಷಧ ಹಚ್ಚಿ ಇಟ್ಟಬಿಡ್ರಿ, ಬೆಳಗಾಗೂದ್ರಾಗ ಮುಗದಿರತೈತಿ" ಅಂದರು ಪಕ್ಕದ ಮನೆ ಕಾಕಾ.

"ಬ್ಯಾಡ್ರಿ ಕಾಕಾ, ಜೇಲಿಗೆ ಹೋಗೂ ಕೆಲಸ ಅದು" ಅಂದೆ. ಅವರು ನಂಬಲಿಲ್ಲ.

ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಲ್ಲಿವರೆಗೆ ಕಾಯ್ದೆಯ 2ನೇ ಅನುಸೂಚಿ (ಪಟ್ಟಿ)ಯಲ್ಲಿದ್ದ ನರಿ, ಗುಳ್ಳೆನರಿ ಎರಡೂ ಈಗ ಅತಿ ಹೆಚ್ಚು ರಕ್ಷಣೆ ಕೊಡುವ 1ನೇ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದರಲ್ಲೇ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ವಿಷ ಇಟ್ಟರೆ ನರಿ ಒಂದೇ ಸಾಯಲ್ಲ. ಓಣಿ ನಾಯಿ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ. ನಾಯಿಗೆ ವಿಷ ಹಾಕುವುದಂತೂ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಬೇರೆಯೇ ಅಪರಾಧ.

ಬೋನು ಇಟ್ಟು ಹಿಡಿದು ದೂರ ಬಿಟ್ಟು ಬಂದರೆ? ಕೊಲ್ಲುವುದಿಲ್ಲವಲ್ಲ ಅಂತ ಅನ್ನಿಸುತ್ತದೆ. ಆದರೆ ಕಾಯ್ದೆಯಲ್ಲಿ ಹಿಡಿಯುವುದು, ಉರುಳು ಹಾಕುವುದು, ಆಮಿಷ ಇಡುವುದು, ಅದಕ್ಕೆ ಪ್ರಯತ್ನ ಪಡುವುದು ಎಲ್ಲವೂ ಬೇಟೆಯೇ. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಬರೆದು ಅನುಮತಿ ಕೊಡಬಹುದು. ಅದೂ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ಅದು ವಾಸಿಯಾಗದಷ್ಟು ರೋಗಕ್ಕೋ ಗಾಯಕ್ಕೋ ಸಿಕ್ಕಿದ್ದರೆ. ಕೋಳಿ ಹೋಯಿತು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಅಲ್ಲದೆ ಇದು ಕೆಲಸಕ್ಕೂ ಬರುವುದಿಲ್ಲ. ನರಿ ತನ್ನದೇ ಗಡಿ ಹಾಕಿಕೊಂಡು ಬದುಕುವ ಪ್ರಾಣಿ. ಒಂದನ್ನು ತೆಗೆದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಲಂಡನ್ನಿನ ಸ್ಥಳೀಯ ಆಡಳಿತಗಳು ವರ್ಷಗಟ್ಟಲೆ ಕೆಂಪು ನರಿಗಳನ್ನು ಕೊಂದು ನೋಡಿ, ಕೊನೆಗೆ ಕೈಬಿಟ್ಟವು. ನರಿಗಳು ಇಂದಿಗೂ ಅಲ್ಲೇ ಇವೆ.

ಇನ್ನು ನಾನು ಮಾಡಿ ನೋಡಿದ್ದು. ಕೆಂಪಗೆ ಮಿಣುಕುವ ಸೋಲಾರ್ ಲೈಟು ಅಗ್ಗ, ಹಚ್ಚುವುದೂ ಸುಲಭ. ಶುರುವಿನಲ್ಲಿ ಹೆಜ್ಜೆ ಗುರುತು ಕಾಂಪೌಂಡಿನ ಆಚೆಯೇ ನಿಂತವು. ಆಮೇಲೆ ಲೈಟಿನ ಬುಡದಲ್ಲೇ ಕಾಣಿಸಿದವು. ಜಾಗ ಬದಲಿಸುತ್ತಾ ಇದ್ದರೆ ಸ್ವಲ್ಪ ನಡೆಯುತ್ತದೆ. ಕಿವಿಗೆ ಕೇಳದ ಸದ್ದು ಮಾಡುವ ಮಷೀನು ಅದಕ್ಕಿಂತ ದುಬಾರಿ, ಅದಕ್ಕಿಂತ ಕಡೆ. ನರಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅದನ್ನು ತಗೋಬೇಡಿ.

ನಾಯಿ ಲೈಟಿಗಿಂತ ಎಷ್ಟೋ ಮೇಲು. ಬೊಗಳಿದರೆ ನರಿ ಹತ್ತಿರ ಬರುವುದಿಲ್ಲ. ಆದರೆ ರಾತ್ರಿ ಬಿಟ್ಟು ಸಾಕುವ ನಾಯಿ ಬಯಲಿಗೆ ಹೋಗಿ ನರಿ ಮರಿಗಳನ್ನು ಹಿಡಿಯುತ್ತದೆ. ಡಿಸ್ಟೆಂಪರ್ ಅನ್ನುವ ವೈರಸ್ ರೋಗ, ರೇಬೀಸ್ ಎರಡೂ ನಾಯಿಯಿಂದ ನರಿಗೆ, ನರಿಯಿಂದ ನಾಯಿಗೆ ದಾಟುತ್ತವೆ. ಲಸಿಕೆ ಹಾಕಿಸಿ, ಹಿತ್ತಲೊಳಗೇ ಇಟ್ಟುಕೊಳ್ಳುವುದಾದರೆ ಮಾತ್ರ ನಾಯಿ ಸರಿ.

ಈಗ ಜಾಳಿಗೆ. ನನ್ನ ಮಟ್ಟಿಗೆ ಗೆದ್ದದ್ದು ಇದೇ, ಆದರೆ ಎಲ್ಲ ಜಾಳಿಗೆಯೂ ಅಲ್ಲ. ಅಂಗಡಿಯಲ್ಲಿ ಕೋಳಿ ಜಾಳಿಗೆ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ಹಲ್ಲು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ವೆಲ್ಡ್ ಮೆಶ್ ತಗೊಳ್ಳಿ, ಒಂದಿಂಚಿನ ಕಿಂಡಿಯದು. ಬೆಲೆ ಜಾಸ್ತಿ, ಆದರೆ ಬಾಗುವುದಿಲ್ಲ. ನೆಲವೇ ದೊಡ್ಡ ತಲೆನೋವು. ನರಿ ಗೂಡಿನ ಗೋಡೆಗೆ ಮೂಗು ತಾಗಿಸಿ, ಅದೇ ಜಾಗದಲ್ಲಿ ಕೆರೆಯಲು ಶುರು ಮಾಡುತ್ತದೆ. ಹಾಗಾಗಿ ಮೆಶ್ಶನ್ನು ನೆಟ್ಟಗೆ ಆಳಕ್ಕೆ ಹೂಳುವ ಬದಲು, ಬುಡದಲ್ಲಿ ಹೊರಗಡೆಗೆ ಮಡಚಿ ಒಂದೂವರೆ ಅಡಿ ನೆಲದ ಮೇಲೆ ಹಾಸಿದೆ. ಮೇಲೆ ಒಂದಿಷ್ಟು ಮಣ್ಣು, ಅದರ ಮೇಲೆ ಒಡೆದ ಫರಸಿ ಕಲ್ಲು. ಕೆರೆದ ಕಡೆಯೆಲ್ಲ ಉಗುರಿಗೆ ತಂತಿ ಸಿಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೋಡಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಕಲ್ಲಿನ ಸಂದಿಯಲ್ಲಿ ಉಗುರಿನ ಗೀರು ಬಿದ್ದಿದ್ದವು, ಒಳಗಿನ ಕೋಳಿ ಒಂದೂ ಹೋಗಿರಲಿಲ್ಲ. ಬಾಗಿಲಿಗೆ ಬರೀ ಕೊಂಡಿ ಸಾಲದು, ಚಿಲಕ ಇರಲಿ. ಕತ್ತಲಾಗುವ ಮೊದಲೇ ಹಾಕಿ.

ಬೀಳಗಿ ಕಡೆ ನಮ್ಮ ಮಾವನ ಹೊಲದಲ್ಲಿ ಗುಳ್ಳೆನರಿ ಗೋವಿನಜೋಳಕ್ಕೆ ಬರುತ್ತಿತ್ತು. ಅಲ್ಲಿ ಮುಟ್ಟಿದರೆ ಸಣ್ಣ ಶಾಕ್ ಕೊಡುವ ಝಟ್ಕಾ ಮಷೀನಿನ ಸೋಲಾರ್ ಬೇಲಿ ಚೆನ್ನಾಗಿ ನಡೆಯಿತು. ಊರೊಳಗೆ, ಮಕ್ಕಳು ಆಡುವ ಹಿತ್ತಲಿಗೆ ಅದು ಬೇಡ. ಮನೆ ಕರೆಂಟನ್ನು ನೇರ ಬೇಲಿಗೆ ಕೊಡುವುದಂತೂ ಮನುಷ್ಯರನ್ನೇ ಕೊಲ್ಲುತ್ತದೆ, ಕಾನೂನಿಗೂ ವಿರುದ್ಧ.

ಖರ್ಚೇ ಇಲ್ಲದ ಉಪಾಯ ಕಸದ್ದು. ಮಾಂಸದ ಚೂರು, ಉಳಿದ ಅನ್ನ, ಸತ್ತ ಕೋಳಿ ಬಯಲಿಗೆ ಎಸೆಯುವುದನ್ನು ನಮ್ಮ ಸಾಲಿನ ನಾಲ್ಕಾರು ಮನೆಯವರು ಬಿಟ್ಟ ಮೇಲೆ ನರಿ ಬರುವುದೇ ಕಡಿಮೆಯಾಯಿತು. ಕಾಕಾ ಕೂಡ ಈಗ ಗುಂಡಿ ತೋಡಿ ಹೂಳುತ್ತಾರೆ.

ಈ ಪ್ರಾಣಿಯನ್ನು ಪೂರ್ತಿ ಓಡಿಸಬೇಕು ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಬಯಲಿನ ಸಣ್ಣ ನರಿ ಎರಡು, ಮೂರು ಕಿಲೋ ತೂಗುತ್ತದೆ ಅಷ್ಟೇ. ಇಲಿ, ಮಿಡತೆ, ಗೆದ್ದಲು, ಬಾರೆಹಣ್ಣು ತಿಂದು ಬದುಕುತ್ತದೆ. ಹೊಲ ಇರುವವರಿಗೆ ಇಲಿ ತಿನ್ನುವ ಪ್ರಾಣಿಯ ಬೆಲೆ ಗೊತ್ತೇ ಇದೆ, ಅಲ್ವಾ? ಇದೇ ಜಿಲ್ಲೆಯಲ್ಲಿ ಚಿಂಕಾರ ಅನ್ನುವ ಹುಲ್ಲೆಗೆಂದು ಯಡಹಳ್ಳಿ ವನ್ಯಧಾಮ ಇದೆ. ನಾವು ಮನೆ ಕಟ್ಟಿದ ಜಾಗವೂ ಮೊದಲು ಅಂಥ ಕುರುಚಲಿನ ಜೀವಗಳದ್ದೇ ಆಗಿತ್ತು.

ಫೆಬ್ರವರಿಯಿಂದ ಏಪ್ರಿಲ್ ತನಕ ಮರಿ ಹಾಕುವ ಕಾಲ. ಸೈಟಿನಲ್ಲಿ ಬಿಲ ಕಂಡರೆ ಮುಚ್ಚಬೇಡಿ, ಹೊಗೆ ಹಾಕಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹಾಡಹಗಲೇ ತೂರಾಡುತ್ತಾ, ಮನುಷ್ಯರಿಗೆ ಹೆದರದೆ ಬರುವ ನರಿ ಕಂಡರೂ ಅಷ್ಟೇ, ಹತ್ತಿರ ಹೋಗದೆ ಅದೇ ನಂಬರಿಗೆ ತಿಳಿಸಿ. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.